ನಿನಗೋಸ್ಕರ ಒಂಬತ್ತು

ದೊಡ್ಡಮ್ಮನ ಹತ್ತಿರ ಹಲ್ಲು ಕೀಳಿಸಿಕೊಂಡವರಿಗೆ ಹಲ್ಲು ಹೋದ ಸಂಗತಿ ಮನೆ ಸೇರಿದ ಮೇಲೆಯೇ ತಿಳಿಯುವುದು ಎಂದು ಆ ಬೀದಿಯಲ್ಲೊಂದು ಮಾತಿತ್ತು. ಅವಳು ಹಲ್ಲಿನ ಡಾಕ್ಟರು. ಕುರ್ಚಿಯಲ್ಲಿ ಒರಗಿದವರು ಬಾಯಿ ತೆರೆದರೆ ಸಾಕು, ಇವಳ ಬಾಯಿಯೂ ತೆರೆದುಕೊಳ್ಳುತ್ತಿತ್ತು. ಅವರದು ಸುಮ್ಮನೆ ತೆರೆದಿರುತ್ತಿತ್ತು, ಇವಳದು ಕೆಲಸ ಮಾಡುತ್ತಿತ್ತು, ಅಷ್ಟೇ ವ್ಯತ್ಯಾಸ. ಮೇಲಿನ ಮನೆಯ ಬೆಕ್ಕು ತನ್ನ ಶಾಲಿನ ಮೇಲೆ ಮರಿ ಹಾಕಿದ್ದು, ಹೊಸ ಚಪ್ಪಲಿ ಎಡಗಾಲನ್ನು ಮಾತ್ರ ಕಚ್ಚುತ್ತಿರುವುದು, ನಲ್ಲಿ ರಿಪೇರಿಯವನು 'ನಾಳೆ ಬರ್ತೀನಿ' ಎಂದು ಹೋದವನು ಇನ್ನೂ ನಾಳೆಯಲ್ಲೇ ಇರುವುದು, ಎಲ್ಲವೂ ಡ್ರಿಲ್ಲಿನ ಸದ್ದಿನ ಮೇಲೆ ತೇಲಿ ಬರುತ್ತಿದ್ದವು. ನಡುನಡುವೆ ಪ್ರಶ್ನೆಗಳೂ ಇರುತ್ತಿದ್ದವು. "ಮಗಳು ಪಾಸಾದ್ಲೇನ್ರೀ?" ಎಂದು ಕೇಳಿ, ಬಾಯಿತುಂಬ ಹತ್ತಿ ಇಟ್ಟುಕೊಂಡವರು "ಆಂ… ಆಂ…" ಎಂದರೆ, "ಹೌದಾ! ಫಸ್ಟ್ ಕ್ಲಾಸಾ! ಭೇಷ್!" ಎಂದು ಫಲಿತಾಂಶವನ್ನೂ ತಾನೇ ಪ್ರಕಟಿಸುತ್ತಿದ್ದಳು.

ಅವಳ ತಂಗಿಯ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಯಾಕಮ್ಮ ಎಂದು. ಮಾತು ಕಲಿತ ದಿನದಿಂದ "ಯಾಕೆ?" ಎನ್ನುವುದು ಅವಳ ಬಾಯಿಪಾಠ. ಮಲಗು ಎಂದರೆ ಯಾಕೆ, ಏಳು ಎಂದರೆ ಯಾಕೆ, ಯಾಕೆ ಅಂತ ಕೇಳಬೇಡ ಎಂದರೆ ಯಾಕೆ ಕೇಳಬಾರದು. ಇಂಥವಳು ದೊಡ್ಡವಳಾಗಿ ಸಂಶೋಧನೆಗೆ ಸೇರಿದಾಗ ಮನೆಯವರಿಗೇನೂ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ಪುಕ್ಕಟೆ ಕೇಳುತ್ತಿದ್ದಳು, ಇನ್ನು ಪದವಿಗಾಗಿ ಕೇಳುತ್ತಾಳೆ ಅಂದುಕೊಂಡರು.

ಕೇಳುವುದಕ್ಕೂ ಒಂದು ಕ್ರಮವಿದೆ ಎಂದು ಅವಳಿಗೆ ತೋರಿಸಿಕೊಟ್ಟವರು ಅವಳ ಗೈಡ್. ವಿದ್ಯಾರ್ಥಿಗಳ ನಡುವೆ ಅವರಿಗೆ ಪುರಾವೆ ಮೇಷ್ಟ್ರು ಎಂದು ಹೆಸರು. ಹೊರಗೆ ಬಿಸಿಲು ಜಾಸ್ತಿ ಸಾರ್ ಎಂದರೂ "ಪುರಾವೆ?" ಎನ್ನುತ್ತಿದ್ದರು. ಯಾಕಮ್ಮ ಮೊದಲ ಸಲ ಅವರ ಮುಂದಿಟ್ಟ ಪ್ರಬಂಧದ ವಿಷಯ, ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಯಾಕೆ ಬರುವುದಿಲ್ಲ ಎಂಬುದು. ಮೇಷ್ಟ್ರು ಅದನ್ನು ಪೂರ್ತಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರ್ ಯಾರನ್ನ ಕೇಳ್ದೆ?"

"ವಿದ್ಯಾರ್ಥಿಗಳನ್ನ, ಸಾರ್."

"ಎಲ್ಲಿ ಸಿಕ್ಕಿದ್ರು?"

"ಗ್ರಂಥಾಲಯದಲ್ಲೇ, ಸಾರ್. ಎಲ್ಲರೂ ಒಂದೇ ಕಡೆ ಸಿಕ್ತಾರಲ್ಲ."

ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಬರದೇ ಇರೋರ ಕಷ್ಟ ಏನು ಅಂತ ಬಂದು ಕೂತಿರೋರನ್ನ ಕೇಳಿದ್ಯಾ? ಇದು ಬೋಳುತಲೆಯವನ ಹತ್ರ ಬಾಚಣಿಗೆ ಚೆನ್ನಾಗಿದ್ಯಾ ಅಂತ ಕೇಳಿದ ಹಾಗಾಯ್ತು. ಮಾದರಿ ಅಂದ್ರೆ ಏನು ಗೊತ್ತೇನಮ್ಮ? ಸಮುದ್ರ ಕುಡಿಯೋಕಾಗಲ್ಲ, ಒಂದು ಬೊಗಸೆ ಕುಡಿದು ರುಚಿ ಹೇಳ್ತೀವಿ. ಆದ್ರೆ ಬೊಗಸೆ ಹಾಕ್ಬೇಕಾದ್ದು ಸಮುದ್ರಕ್ಕೆ, ಬಾವಿಗಲ್ಲ."

ಪ್ರಬಂಧ ವಾಪಸು ಬಂತು. ಇನ್ನೊಂದೇ ಅವಕಾಶ. ತಿಂಗಳ ಕೊನೆಯ ಶುಕ್ರವಾರದೊಳಗೆ ಎರಡನೆಯ ಕೆಲಸಕ್ಕೆ ಮೇಷ್ಟ್ರ ರುಜು ಬೀಳದಿದ್ದರೆ ಅವಳ ಹೆಸರು ವಿಭಾಗದ ಪಟ್ಟಿಯಿಂದ ಹೋಗುತ್ತಿತ್ತು. ಹೋದ ಹೆಸರನ್ನು ಮತ್ತೆ ಬರೆದುಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ.

ಅವಳು ಅಲ್ಲಿಂದ ನೆಟ್ಟಗೆ ದೊಡ್ಡಮ್ಮನ ಆಸ್ಪತ್ರೆಗೆ ಬಂದಳು. ಅತ್ತು ಮುಖ ಊದಿಕೊಂಡಿತ್ತು. ಆ ಊತಕ್ಕೆ ದೊಡ್ಡಮ್ಮನ ಲೋಕದಲ್ಲಿ ಒಂದೇ ಕಾರಣ. "ಯಾವ ಕಡೆ ಹಲ್ಲೇ? ಬಾ, ಕೂತ್ಕೋ, ಆ ಅನ್ನು."

ಆ ಎಂದ ಮೇಲೆ ಬೇಡವೆನ್ನುವುದಕ್ಕೆ ಬಾಯಿ ಎಲ್ಲಿರುತ್ತದೆ? ಅಲ್ಲದೆ ಹಿಂದಿನ ಹಲ್ಲೊಂದು ನಿಜವಾಗಿಯೂ ಹುಳುಕಾಗಿತ್ತು. ದೊಡ್ಡಮ್ಮ ಅದನ್ನು ಕೊರೆದು, ತೊಳೆದು, ತುಂಬಿ ಮುಗಿಸುವಷ್ಟರಲ್ಲಿ ಬೆಕ್ಕಿನ ಕಥೆ ಬೆಕ್ಕಿನ ಮರಿಗಳ ನಾಮಕರಣದವರೆಗೆ ಬಂದಿತ್ತು. ಬಾಯಿ ಮುಕ್ಕಳಿಸುವ ನಡುವೆ ಯಾಕಮ್ಮ ತಾನು ಅತ್ತ ಕಾರಣವನ್ನೂ ಹೇಳಿ ಮುಗಿಸಿದ್ದಳು. "ನಿನ್ ಹೆಸರು ಪಟ್ಟಿಯಿಂದ ಹೋದ್ರೆ ಹೋಗ್ಲಿ ಬಿಡೇ. ಇಲ್ಲೇ ಕೌಂಟರ್‌ನಲ್ಲಿ ಕೂತ್ಕೊಂಡು ಟೋಕನ್ ಕೊಡುವಿಯಂತೆ. ಕುರ್ಚಿಗೆ ಹೊಸ ಕುಶನ್ ಹಾಕಿಸ್ತೀನಿ," ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಡ್ರಿಲ್ಲಿಗೆ ಹೆದರದ ಯಾಕಮ್ಮ ಆ ಕುಶನ್ನಿಗೆ ನಡುಗಿಬಿಟ್ಟಳು. ಟೋಕನ್ ಕೊಡುವ ಕಡೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಎಷ್ಟು ಹೊತ್ತು ಎಂದಷ್ಟೇ ಕೇಳುತ್ತಾರೆ.

ಕುರ್ಚಿಯಿಂದ ಕೆಳಗಿಳಿದಾಗ ಅವಳಿಗೆ ಹೊಳೆಯಿತು: ಅಷ್ಟು ಕೊರೆದರೂ ನೋವಾಗಲೇ ಇಲ್ಲವಲ್ಲ, ಯಾಕೆ?

*

"ಹಲ್ಲಿನ ವೈದ್ಯರು ಮಾತಾಡುತ್ತಿದ್ದರೆ ರೋಗಿಗೆ ನೋವು ಕಡಿಮೆ," ಎಂದು ಮೇಷ್ಟ್ರು ಅವಳು ತಂದ ಹೊಸ ವಿಷಯವನ್ನು ಓದಿದರು. ಅಂಗೈಯನ್ನು ಎಡಗೆನ್ನೆಗೆ ಒತ್ತಿಕೊಂಡು ಕೂತಿದ್ದರು. ದೊಡ್ಡ ವಿದ್ವಾಂಸರು ಯೋಚಿಸುವಾಗ ಹೀಗೇ ಕೂರುತ್ತಾರೆ ಎಂದು ಯಾಕಮ್ಮ ಗೌರವದಿಂದ ನೋಡಿದಳು.

"ಇದು ಊಹೆ. ಊಹೆಗೆ ಪಂಚೆ ಉಡಿಸಿ ಶಲ್ಯ ಹೊದಿಸಿದ್ರೆ ಪ್ರಾಕ್ಕಲ್ಪನೆ ಅಂತಾರೆ. ಪರೀಕ್ಷೆಗೆ ಕೂರಿಸೋಕೆ ಬರೋ ಊಹೆ ಅಂತ ಅರ್ಥ. ಇದರಲ್ಲಿ ನೀನು ಬದಲಾಯಿಸೋದು ಏನು?"

"ದೊಡ್ಡಮ್ಮನ ಮಾತು, ಸಾರ್."

"ಅದರಿಂದ ಬದಲಾಗೋದು?"

"ರೋಗಿಯ ನೋವು."

"ಇವೆರಡೂ ಚರಗಳು, ಅಂದ್ರೆ ಬದಲಾಗೋ ಸಂಗತಿಗಳು. ಮಾತು ನಿನ್ ಕೈಲಿರೋದು, ನೋವು ಅದರ ಹಿಂದೆ ಬರೋ ಬಾಲ. ಸರಿ. ಆದ್ರೆ ಮಾತಿಲ್ದೇ ಇದ್ರೆ ಎಷ್ಟು ನೋವು ಅಂತ ಗೊತ್ತಾಗದೆ ಮಾತಿನಿಂದ ಕಡಿಮೆ ಆಯ್ತು ಅಂತ ಹೇಗೆ ಹೇಳ್ತೀಯ? ಅರ್ಧ ಜನಕ್ಕೆ ನಿಮ್ಮ ದೊಡ್ಡಮ್ಮ ಸುಮ್ಮನಿರ್ಬೇಕು. ಆ ಗುಂಪಿಗೆ ನಿಯಂತ್ರಿತ ಗುಂಪು ಅಂತ ಹೆಸರು."

ದೊಡ್ಡಮ್ಮ ಸುಮ್ಮನಿರಬೇಕು. ಯಾಕಮ್ಮನಿಗೆ ತನ್ನ ಸಂಶೋಧನೆಯ ದಾರಿಯಲ್ಲಿ ದೊಡ್ಡ ಬೆಟ್ಟವೊಂದು ಎದ್ದು ನಿಂತಂತಾಯಿತು.

"ನಾನಾ? ಸುಮ್ಮನೆ?" ಎಂದಳು ದೊಡ್ಡಮ್ಮ, ಉಪವಾಸ ಮಾಡೆಂದು ಹೇಳಿಸಿಕೊಂಡವಳ ಹಾಗೆ. "ಎಷ್ಟು ಹೊತ್ತು?"

"ಒಬ್ಬೊಬ್ಬರ ಕೆಲಸ ಮುಗಿಯೋವರೆಗೂ."

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲೇ. ನನ್ನ ಹತ್ರ ಇರೋದು ಬೆಳ್ಳಿ ಮಾತ್ರ. ಬಂಗಾರ ಎಲ್ಲಿಂದ ತರಲಿ?" ಆದರೂ ಯಾಕಮ್ಮನ ಮುಖ ನೋಡಿ ಕರಗಿದಳು. "ಆಯ್ತು ಬಿಡು. ನೀನು ಪಾಸಾಗ್ಬೇಕು ತಾನೆ? ಬಾಯಿಗೆ ಬೀಗ ಹಾಕ್ಕೋತೀನಿ."

ಬೀಗವೆಂದರೆ ಹತ್ತಿಯ ಉಂಡೆ. ರೋಗಿಗಳ ಕೆನ್ನೆಗೆ ಇಡುವ ಉಂಡೆಯೊಂದನ್ನು ದೊಡ್ಡಮ್ಮ ಮುಖಗವಸಿನ ಒಳಗೆ ತನ್ನ ಕೆನ್ನೆಗೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಮಾತು ನಾಲಗೆ ತುದಿಗೆ ಬಂದಾಗ ಹತ್ತಿ ಎಚ್ಚರಿಸುತ್ತದೆ.

ಯಾರಿಗೆ ಮಾತು, ಯಾರಿಗೆ ಮೌನ ಎನ್ನುವುದು ಅದೃಷ್ಟಕ್ಕೆ ಬಿಟ್ಟದ್ದಾಗಿರಬೇಕು, ಯಾರ ಇಷ್ಟವೂ ಅದರಲ್ಲಿ ಸೇರಬಾರದು ಎಂದು ಮೇಷ್ಟ್ರು ಹೇಳಿದ್ದರು. ಅದಕ್ಕೊಂದು ತಗಡಿನ ಡಬ್ಬಿ ಬಂತು, ಒಳಗೆ ಹಳೆಯ ಬಟ್ಟೆಗಳಿಂದ ಬಿಚ್ಚಿದ ಗುಂಡಿಗಳು. ಬಿಳಿ ಗುಂಡಿ ಬಂದರೆ ಮಾತು, ಕಪ್ಪು ಗುಂಡಿ ಬಂದರೆ ಮೌನ. ಒಬ್ಬೊಬ್ಬರಿಗೂ ಕಣ್ಣುಮುಚ್ಚಿ ಒಂದೊಂದು ಗುಂಡಿ ತೆಗೆಯುವ ಕೆಲಸ ನರ್ಸಮ್ಮನದು. ನರ್ಸಮ್ಮ ದೊಡ್ಡಮ್ಮನ ಜೊತೆ ಮೊದಲ ದಿನದಿಂದ ಇದ್ದವಳು. ಕನ್ನಡಿಯ ಕಡ್ಡಿ ತಣ್ಣಗೆ ಹಲ್ಲಿಗೆ ತಾಗಬಾರದೆಂದು ಅದನ್ನು ಬಿಸಿನೀರಲ್ಲಿ ಅದ್ದಿ ಕೊಡುವವಳು, ಸೂಜಿ ನೋಡಿ ಹೆದರಿದವರ ಪಾದವನ್ನು ಸುಮ್ಮನೆ ಹಿಡಿದುಕೊಂಡು ನಿಲ್ಲುವವಳು. ಪಾದ ಹಿಡಿದರೆ ಹಲ್ಲಿಗೇನು ಲಾಭ ಎಂದು ಯಾಕಮ್ಮ ಚಿಕ್ಕಂದಿನಲ್ಲಿ ಕೇಳಿದ್ದಳು. "ಹಲ್ಲಿಗಲ್ಲ, ಅವರಿಗೆ" ಎಂದಿದ್ದಳು ನರ್ಸಮ್ಮ.

ಇನ್ನುಳಿದದ್ದು ಒಪ್ಪಿಗೆ. ಯಾರನ್ನೂ ಅವರಿಗೆ ತಿಳಿಯದಂತೆ ಸಂಶೋಧನೆಗೆ ಬಳಸಬಾರದು, ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು ಎಂದು ತರಗತಿಯಲ್ಲಿ ಹೇಳಿದ್ದರು. ಯಾಕಮ್ಮ ಹೇಳಿದ ಮಾತನ್ನು ಅರ್ಧ ಮಾಡುವವಳಲ್ಲ. ಕಾಯುವ ಕೋಣೆಯ ನಡುವೆ ನಿಂತು, ಮೊಣಕಾಲಿನ ಮೇಲೆ ಚೀಲ ಇಟ್ಟುಕೊಂಡು ಕೂತವರಿಗೆಲ್ಲ ಎಲ್ಲವನ್ನೂ ವಿವರಿಸಿದಳು. ಗುಂಡಿ, ಗುಂಪು, ಚರ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೇಕರಿಯವರು, "ಏನಾದ್ರೆ ನಿಂಗೆ ಒಳ್ಳೇದು ಮಗಳೇ?" ಎಂದು ಕೇಳಿದರು. ಬೇಕರಿಯವರದು ದೊಡ್ಡ ದೇಹ, ದೊಡ್ಡ ನಗು, ಸಿಹಿ ತಿಂದು ಕೆಟ್ಟ ಹಲ್ಲು.

"ಮಾತಿದ್ದವರಿಗೆ ನೋವು ಕಡಿಮೆ, ಮೌನದವರಿಗೆ ಜಾಸ್ತಿ ಅಂತ ಬಂದ್ರೆ ನನ್ನ ಪ್ರಾಕ್ಕಲ್ಪನೆ ನಿಲ್ಲುತ್ತೆ, ಅಂಕಲ್."

"ನಿಲ್ಲದೇ ಇದ್ರೆ?"

ಯಾಕಮ್ಮ ಕೌಂಟರಿನ ಖಾಲಿ ಕುರ್ಚಿಯ ಕಡೆ ನೋಡಿದಳು. "ನಾನು ಅಲ್ಲಿ ಕೂರಬೇಕಾಗುತ್ತೆ."

ಕಾಯುವ ಕೋಣೆ ಆ ಕುರ್ಚಿಯನ್ನು ನೋಡಿತು, ಆಮೇಲೆ ಯಾಕಮ್ಮನನ್ನು ನೋಡಿತು. ಸಂಗೀತದ ಟೀಚರ್ "ಅಯ್ಯೋ ಕೂಸೇ" ಎಂದರು. ಬಸ್ಸಿನ ಕಂಡಕ್ಟರು ಗಂಟಲು ಸರಿಮಾಡಿಕೊಂಡರು. ಎಲ್ಲರೂ ಒಪ್ಪಿಗೆ ಕೊಟ್ಟರು. ಅಷ್ಟು ಮನಃಪೂರ್ವಕವಾದ ಒಪ್ಪಿಗೆ ಯಾವ ಸಂಶೋಧಕರಿಗೂ ಸಿಕ್ಕಿರಲಾರದು.

*

ಮೊದಲ ಕಪ್ಪು ಗುಂಡಿ ಕಂಡಕ್ಟರಿಗೆ ಬಂತು. ದೊಡ್ಡಮ್ಮ ಹತ್ತಿ ಇಟ್ಟುಕೊಂಡು ಮುಖಗವಸು ಕಟ್ಟಿ ಒಳಗೆ ಬಂದಳು. ಮಾತಿಲ್ಲ. ಬಾಯಿ ತೆರೆಯಿರಿ ಎನ್ನುವುದನ್ನು ಹುಬ್ಬಿನಲ್ಲಿ ಹೇಳಿದಳು. ಕಂಡಕ್ಟರು ಬಾಯಿ ತೆರೆದರು. ದೊಡ್ಡಮ್ಮ ಒಳಗೆ ನೋಡಿ, ಅಭ್ಯಾಸಬಲದಿಂದ ಏನೋ ಹೇಳಹೋಗಿ, ಹತ್ತಿ ಅಡ್ಡ ಬಂದು, ನಿಟ್ಟುಸಿರು ಬಿಟ್ಟಳು.

ಕಂಡಕ್ಟರು ತಟ್ಟನೆ ಎದ್ದು ಕೂತರು. "ಡಾಕ್ಟ್ರೇ, ಏನಿದ್ರೂ ನೇರವಾಗಿ ಹೇಳಿಬಿಡಿ. ನಾನು ಗಟ್ಟಿ ಮನುಷ್ಯ. ಹೆಂಡ್ತಿಗೆ ಮಾತ್ರ ನಿಧಾನಕ್ಕೆ ತಿಳಿಸೋಣ."

ದೊಡ್ಡಮ್ಮ ಕೈ ಆಡಿಸಿದಳು. ಕಂಡಕ್ಟರು ಅದನ್ನು 'ಇನ್ನೇನೂ ಉಳಿದಿಲ್ಲ' ಎಂದು ತಿಳಿದು ಕಣ್ಣು ಮುಚ್ಚಿಕೊಂಡರು. ಅವರು ಬಂದಿದ್ದುದು ಹಲ್ಲು ಶುಚಿ ಮಾಡಿಸಿಕೊಳ್ಳಲು.

ದಿನ ಕಳೆದಂತೆ ದೊಡ್ಡಮ್ಮ ಮೌನಕ್ಕೆ ಒಗ್ಗಿಕೊಂಡಳೇನೋ ನಿಜ, ಆದರೆ ಒಳಗೆ ಕಟ್ಟಿಹಾಕಿದ ಮಾತು ಬೇರೆ ದಾರಿ ಹುಡುಕಿಕೊಂಡಿತು. ಮೂಗಿನಲ್ಲಿ ಗುನುಗತೊಡಗಿದಳು. ಸಂಗೀತದ ಟೀಚರ್ ಬಾಯಿ ತೆರೆದಿಟ್ಟುಕೊಂಡೇ ತಾಳ ಹಾಕಿದರು. ಯಾಕಮ್ಮ ಬಾಗಿಲ ಸಂದಿಯಿಂದ "ದೊಡ್ಡಮ್ಮ, ಗುನುಗೂ ಮಾತೇ!" ಎಂದು ಪಿಸುಗುಟ್ಟಬೇಕಾಯಿತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ದೊಡ್ಡಮ್ಮ ದಿನದ ಬಾಕಿ ಮಾತನ್ನೆಲ್ಲ ಯಾಕಮ್ಮನ ಮೇಲೆ ಸುರಿದುಬಿಡುತ್ತಿದ್ದಳು. ಅವಳು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು.

ಅಂಕಿಗಳು ಮಾತ್ರ ಮುತ್ತು ಪೋಣಿಸಿದಂತೆ ಬಂದವು. ಮಾತಿನ ಗುಂಪಿನವರೆಲ್ಲ ಸೊನ್ನೆ, ಒಂದು, ಅಲ್ಲೊಬ್ಬರು ಎರಡು. ಮೌನದ ಗುಂಪಿನವರು ಎಂಟು, ಒಂಬತ್ತು. ಕಂಡಕ್ಟರು ಹತ್ತನ್ನೇ ಬರೆಸಿದ್ದರು. ದತ್ತಾಂಶವೆಂದರೆ ಮೊಂಡು ಎಮ್ಮೆಯ ಹಾಗೆ, ಎಳೆದ ಕಡೆ ಬರುವುದಿಲ್ಲ ಎಂದು ಹಿರಿಯ ವಿದ್ಯಾರ್ಥಿಗಳು ಹೆದರಿಸಿದ್ದರು. ಇವಳದು ಸಾಕಿದ ಬೆಕ್ಕಿನ ಹಾಗೆ ಮಡಿಲಲ್ಲಿ ಬಂದು ಕೂತಿತ್ತು. ಯಾಕಮ್ಮ ನಕ್ಷೆ ಬರೆದಳು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಬೆಟ್ಟ. ಶುಕ್ರವಾರಕ್ಕೆ ಇನ್ನೂ ಎರಡು ದಿನವಿತ್ತು. ಅವಳು ಕೌಂಟರಿನ ಕುರ್ಚಿಯ ಮುಂದೆ ಹಾದುಹೋಗುವಾಗ ಅದಕ್ಕೆ ನಾಲಗೆ ಚಾಚಿದಳು.

*

ಕೊನೆಯ ಕಪ್ಪು ಗುಂಡಿ ಬೇಕರಿಯವರದು. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು ದಣಿದಿದ್ದ ಮನುಷ್ಯ. ಕುರ್ಚಿ ಹಿಂದಕ್ಕೆ ಒರಗಿತು, ದೊಡ್ಡಮ್ಮನ ಬಾಯಿ ಮುಚ್ಚಿತ್ತು, ಕೋಣೆ ತಂಪಾಗಿತ್ತು. ಬಾಗಿಲ ಸಂದಿಯಲ್ಲಿ ನಿಂತ ಯಾಕಮ್ಮನಿಗೆ ಮೊದಲು ಡ್ರಿಲ್ಲಿನ ಸದ್ದು ಬದಲಾಯಿತು ಅನ್ನಿಸಿತು. ಆಮೇಲೆ ನೋಡಿದರೆ ಬೇಕರಿಯವರ ಗೊರಕೆ. ತೆರೆದ ಬಾಯಿಂದ ಬರುವ ಗೊರಕೆಗೆ ತಡೆಯಾದರೂ ಎಲ್ಲಿ? ದೊಡ್ಡಮ್ಮ ಕೆಲಸ ಮುಗಿಸಿದಳು. ನರ್ಸಮ್ಮ ಭುಜ ತಟ್ಟಿ ಎಬ್ಬಿಸಿದಳು. ಬೇಕರಿಯವರು ಎದ್ದು, "ಆಹಾ" ಎಂದು ಮೈಮುರಿದು, ಹೊರಗೆ ಬಂದು ಯಾಕಮ್ಮನಿಗೆ ಹೇಳಿದರು:

"ಒಂಬತ್ತು."

"ಅಂಕಲ್… ನೀವು ನಿದ್ದೆ ಮಾಡಿದ್ರಿ."

"ಒಂಬತ್ತು ಬರ್ಕೋ ಮಗಳೇ."

"ಗೊರಕೆ ಹೊಡೀತಿದ್ರಿ!"

ಬೇಕರಿಯವರು ಆಚೀಚೆ ನೋಡಿ ಧ್ವನಿ ತಗ್ಗಿಸಿದರು. "ನಂದು ಕಪ್ಪು ಗುಂಡಿ ಅಲ್ವಾ? ಕಪ್ಪಿಗೆ ಜಾಸ್ತಿ ಬರ್ಬೇಕು ಅಂತ ನೀನೇ ಹೇಳಿದ್ದೆ. ನಿನಗೋಸ್ಕರ ಒಂಬತ್ತು. ಹತ್ತು ಹಾಕಿದ್ರೆ ಅನುಮಾನ ಬರುತ್ತೆ ಅಂತ ಒಂದು ಕಮ್ಮಿ ಮಾಡಿದೀನಿ."

ಯಾಕಮ್ಮ ನಿಧಾನವಾಗಿ ಕಾಯುವ ಕೋಣೆಯ ಕಡೆ ತಿರುಗಿದಳು. ಬಂದ ಕಾರಣ ಮರೆತು ಅಲ್ಲಿ ದಿನಾ ಬಂದು ಕೂರುವವರೇ ಹೆಚ್ಚು. ಸಂಗೀತದ ಟೀಚರ್ ಕಿಟಕಿಯ ಆಚೆ ನೋಡತೊಡಗಿದರು. ಕಂಡಕ್ಟರು ತಮ್ಮ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು.

"ಕಂಡಕ್ಟರ್ ಮಾವ, ನಿಮ್ಮ ಹತ್ತು?"

"ಹೆದರಿಕೆ ಹತ್ತು ಇತ್ತಮ್ಮ," ಎಂದರು ಅವರು. "ನೋವು… ಕಚಗುಳಿ ಇಟ್ಟ ಹಾಗಿತ್ತು."

"ಟೀಚರ್?"

"ಎರಡನೇ ಸಲ ಕೂತಾಗ ನನಗೆ ಬಿಳಿ ಗುಂಡಿ ಬಂತಲ್ಲ, ಅವತ್ತು ಪ್ರಾಣ ಹೋಗೋ ಹಾಗೆ ನೋವಿತ್ತು ಕೂಸೇ. ಸೊನ್ನೆ ಅಂದೆ. ನಿನ್ನ ಓದು ದೊಡ್ಡದೋ, ನನ್ನ ದವಡೆ ದೊಡ್ಡದೋ?"

ಆಗ ನರ್ಸಮ್ಮ ತಗಡಿನ ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತ ಮುಂದೆ ಬಂದಳು. "ಹೇಳೋದು ಹೇಳ್ತಿದೀವಿ, ನಂದೂ ಒಂದು ಹೇಳಿಬಿಡ್ತೀನಿ ಮಗಾ. ಬಿಳಿ ಗುಂಡಿ ಕೋಟಿಂದು, ದಪ್ಪ. ಕರೀದು ಅಂಗೀದು, ತೆಳ್ಳಗೆ. ಬೆರಳಿಗೆ ಗೊತ್ತಾಗುತ್ತೆ. ತುಂಬಾ ಹೆದರಿ ಬಂದವರಿಗೆ ನಾನು ದಪ್ಪ ಗುಂಡೀನೇ ತೆಗೀತಿದ್ದೆ. ಪಾಪ, ಹೆದರಿದವರ ಮುಂದೆ ಡಾಕ್ಟರಮ್ಮ ಮೂಕಿ ಹಾಗೆ ನಿಂತ್ರೆ ಏನು ಗತಿ?"

ಯಾಕಮ್ಮ ಎಲ್ಲೂ ಜಾಗ ಕಾಣದೆ ಕೌಂಟರಿನ ಕುರ್ಚಿಯಲ್ಲೇ ಕುಸಿದು ಕೂತಳು. ಕೂತ ಮೇಲೆ ಯಾವ ಕುರ್ಚಿ ಎಂದು ತಿಳಿದು ತಟ್ಟನೆ ಎದ್ದಳು. ಯಾರ ಮೇಲೂ ಸಿಟ್ಟಾಗುವ ಹಾಗಿರಲಿಲ್ಲ. ಪೂರ್ವಗ್ರಹ ಎಂದು ಪುಸ್ತಕದಲ್ಲಿ ಓದುವಾಗ ಅವಳ ಕಣ್ಣಮುಂದೆ ಯಾರೋ ಗಂಟುಮುಖದ ಕೆಟ್ಟ ಜನ ಬರುತ್ತಿದ್ದರು. ಅದು ಹೀಗೆ ಮೊಣಕಾಲಿನ ಮೇಲೆ ಚೀಲ ಇಟ್ಟುಕೊಂಡು, ತನ್ನನ್ನು ಕೂಸೇ ಎಂದು ಕರೆಯುತ್ತ ಬರುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಬಾಗಿಲು ತೆರೆದು ಅದನ್ನು ಒಳಗೆ ಕರೆದವಳೂ ತಾನೇ. ಏನು ಪರೀಕ್ಷೆ ಎಂದು ಹೇಳುವುದು ಒಪ್ಪಿಗೆ. ಏನು ಬಂದರೆ ನನಗೆ ಸಂತೋಷ ಎಂದು ಹೇಳುವುದು ಬೇಡಿಕೆ. ಅವಳು ಬೇಡಿಕೊಂಡಿದ್ದಳು, ಅವರು ಕೊಟ್ಟಿದ್ದರು.

"ಅದಕ್ಕೇನೀಗ?" ಎಂದಳು ದೊಡ್ಡಮ್ಮ. ಗವಸು ಇಳಿಸಿ, ಹತ್ತಿ ಉಗುಳಿ ಹೊರಗೆ ಬಂದಿದ್ದಳು. "ನಕ್ಷೆ ಚೆನ್ನಾಗಿದೆ. ಹೋಗಿ ಕೊಟ್ಟುಬಾ. ಈ ಕೋಣೆ ಬಿಟ್ಟು ಆಚೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ ದೊಡ್ಡಮ್ಮ."

"ನೀನು ಕೇಳಿರ್ಲಿಲ್ಲ ಅಂದ್ಕೋ."

"ಹೇಗೆ ಅಂದ್ಕೊಳ್ಲಿ? ನಾನು ಹುಟ್ಟಿದ್ದೇ ಕೇಳೋಕೆ ಅಂತ ನೀನೇ ಹೇಳ್ತೀಯ."

ಬೇಕರಿಯವರು ತಲೆತಗ್ಗಿಸಿದರು. ತಾನು ಎಂಟಾದರೂ ಹೇಳಬೇಕಿತ್ತೇನೋ ಎಂದು ಗೊಣಗಿಕೊಂಡರು. ದೊಡ್ಡಮ್ಮ ಸುಮ್ಮನೆ ನಿಂತಿದ್ದಳು, ಬಾಯಲ್ಲಿ ಹತ್ತಿಯಿಲ್ಲದೆಯೂ. ಆಮೇಲೆ ಕೇಳಿದಳು, "ಹಾಗಾದ್ರೆ ನನ್ನ ಮಾತಿಂದ ಇವರಿಗೆಲ್ಲ ನೋವು ಕಮ್ಮಿ ಆಗುತ್ತೋ, ಇಲ್ವೋ?"

ಸುಳ್ಳು ಹೇಳುವುದು ಎಷ್ಟು ಸುಲಭವೆಂದು ಆಗ ಯಾಕಮ್ಮನಿಗೂ ತಿಳಿಯಿತು. ಸೊನ್ನೆ ಎಂದವರ ಕಷ್ಟ ಅರ್ಥವಾಯಿತು. "ಗೊತ್ತಿಲ್ಲ ದೊಡ್ಡಮ್ಮ," ಎಂದಳು. "ಇನ್ನೂ ಯಾರಿಗೂ ಗೊತ್ತಿಲ್ಲ."

"ಇಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲೇ," ಎಂದು ದೊಡ್ಡಮ್ಮ ಅವಳ ತಲೆಗೊಂದು ಮೆಲ್ಲನೆ ಮೊಟಕಿದಳು. "ಗೊತ್ತಾಗೋವರೆಗೂ ಮಾತಾಡ್ತಾ ಇರ್ತೀನಿ ಬಿಡು. ನಿಲ್ಸೋಕೆ ಹೋದ್ರೆ ನಂಗೇ ನೋವು, ಅದಕ್ಕೆ ಅಂಕಿ ಬೇಕಾದ್ರೆ ಬರ್ಕೋ."

*

ಗುರುವಾರ ಯಾಕಮ್ಮ ಮೇಷ್ಟ್ರ ಕೋಣೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಅಂಗೈ ಕೆನ್ನೆಗೊತ್ತಿಕೊಂಡು ಕೇಳಿದರು.

"ಅಂಕಿ ಸುಳ್ಳು ಅಂತೀಯ. ಪುರಾವೆ?"

"ಒಂಬತ್ತು ನೋವು ಅಂದವರು ಗೊರಕೆ ಹೊಡೀತಿದ್ರು, ಸಾರ್."

ಮೇಷ್ಟ್ರ ತುಟಿ ನಡುಗಿತು. ನಗು ತಡೆಯಲು ನೋಡಿದರು, ಅದು ಆಗಲಿಲ್ಲ. ಬಾಯಿ ಅರಳಿದ್ದೇ ತಡ "ಅಮ್ಮಾ!" ಎಂದು ಕೆನ್ನೆ ಹಿಡಿದುಕೊಂಡು ಮೇಜಿನ ಮೇಲೆ ಬಾಗಿದರು.

"ಸಾರ್, ಹಲ್ಲು ನೋವಾ?"

"ಇಲ್ಲ. ಯೋಚನೆ ಮಾಡ್ತಾ ಇದೀನಿ."

"ಕೆನ್ನೆ ಊದಿದೆ, ಸಾರ್."

"ಅದು… ಮೊದಲಿಂದ ಹಾಗೇ."

"ಬಲಗೆನ್ನೆ ಹಾಗಿಲ್ಲ, ಸಾರ್. ಅದನ್ನ ನಿಯಂತ್ರಿತ ಗುಂಪು ಅಂತ ಇಟ್ಕೊಂಡು ಹೋಲಿಸಿದ್ರೆ…"

ಮೇಷ್ಟ್ರು ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಗ್ಗಿದರು. ಹಲ್ಲಿನ ಡಾಕ್ಟರೆಂದರೆ ತಮಗೆ ಚಿಕ್ಕಂದಿನಿಂದ ಭಯವೆಂದೂ, ನಾಳೆ ಹೋಗೋಣ ನಾಳೆ ಹೋಗೋಣ ಎಂದು ಇಲ್ಲಿಗೆ ಬಂದು ಮುಟ್ಟಿದೆಯೆಂದೂ ಒಪ್ಪಿಕೊಂಡರು. ತನ್ನ ಹೆಸರು ಪಟ್ಟಿಯಲ್ಲಿ ಉಳಿಯುವುದಕ್ಕೆ ಒಂದೇ ದಿನವಿದೆ ಎಂಬುದು ಯಾಕಮ್ಮನಿಗೆ ಆ ಕ್ಷಣ ಮರೆತೇಹೋಯಿತು. "ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ, ಸಾರ್. ನರ್ಸಮ್ಮ ಪಾದ ಹಿಡ್ಕೋತಾಳೆ," ಎಂದಳು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಕಾಯುವ ಕೋಣೆಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಇವರ ರುಜುವಿನ ಮೇಲೆ ಹುಡುಗಿಯ ಹಣೆಬರಹ ನಿಂತಿದೆ ಎಂದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಸಂಗೀತದ ಟೀಚರ್ ಕಿಟಕಿಯ ಪಕ್ಕದ ತಮ್ಮ ಜಾಗ ಬಿಟ್ಟುಕೊಟ್ಟರು. ಮೇಷ್ಟ್ರು ಮತ್ತೆ ಮತ್ತೆ ಬೀದಿಯ ಬಾಗಿಲ ಕಡೆ ತಿರುಗುವುದನ್ನು ನೋಡಿ ನರ್ಸಮ್ಮ, ಪರೀಕ್ಷೆಯೆಲ್ಲ ಮುಗಿದಿದ್ದರೂ, ಡಬ್ಬಿಗೆ ಕೈ ಹಾಕಿ ದಪ್ಪ ಗುಂಡಿಯೊಂದನ್ನು ತೆಗೆದು ತೋರಿಸಿದಳು.

ದೊಡ್ಡಮ್ಮ ಅಷ್ಟು ದಿನದ ಮೌನದ ಬಡ್ಡಿಯನ್ನೂ ಸೇರಿಸಿ ಮಾತಾಡಿದಳು. ಬೆಕ್ಕು, ಚಪ್ಪಲಿ, ನಲ್ಲಿ ರಿಪೇರಿ. ಸೂಜಿ ಇಳಿಯುವಾಗ ಮೇಷ್ಟ್ರ ಎರಡು ಕೈಯೂ ಕುರ್ಚಿಯ ತೋಳುಗಳನ್ನು ಹಿಡಿದ ರೀತಿ ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿಯಿತು. ನರ್ಸಮ್ಮ ಅವರ ಪಾದಗಳನ್ನು ಹಿಡಿದುಕೊಂಡು ನಿಂತಿದ್ದಳು. ದೊಡ್ಡಮ್ಮ ಮಾತು ನಿಲ್ಲಿಸಿ, ಬಗ್ಗಿ, ಹತ್ತಿಯ ತುದಿಯಿಂದ ಅವರ ಕಣ್ಣೀರು ಒರೆಸಿ ಕೇಳಿದಳು:

"ನೋವಾಯ್ತಾ ಮೇಷ್ಟ್ರೇ?"

"ಇಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು. "ಒಂಚೂರೂ ಇಲ್ಲ."

ಹಲ್ಲು ಹೊರಬಂತು. ಮೇಷ್ಟ್ರೂ ಹೊರಬಂದರು, ಮರಗಟ್ಟಿದ ಕೆನ್ನೆಯ ಮೇಲೆ ಕರವಸ್ತ್ರ ಒತ್ತಿಕೊಂಡು. ಯಾಕಮ್ಮ ಕುಡಿಯಲು ನೀರು ಕೊಟ್ಟು, ಅಭ್ಯಾಸಬಲದಿಂದ ಕೇಳಿಬಿಟ್ಟಳು: "ಎಷ್ಟು, ಸಾರ್?"

"ಎಂಟು," ಎಂದರು ಮೇಷ್ಟ್ರು ತೊದಲುತ್ತ. "ಸೂಜಿ ಇಳಿದಾಗ ಒಂಬತ್ತಕ್ಕೂ ಹೋಗಿ ಬಂದೆ."

"ಒಳಗೆ ಇಲ್ಲ ಅಂದ್ರಲ್ಲ. ಯಾಕೆ, ಸಾರ್?"

"ಅಷ್ಟು ಅಕ್ಕರೆಯಿಂದ ಕಣ್ಣೊರೆಸಿ ಕೇಳಿದ್ರಮ್ಮ. ಆ ಮುಖ ನೋಡ್ಕೊಂಡು ಎಂಟು ಅಂತ ಹೇಗೆ…"

ಮಾತು ಅಲ್ಲೇ ನಿಂತಿತು. "ನಾವು ಮಾಡಿದ್ದೂ ಅದನ್ನೇ ಮೇಷ್ಟ್ರೇ," ಎಂದರು ಬೇಕರಿಯವರು ಮೂಲೆಯಿಂದ, ತುಂಬ ವಿನಯದಿಂದ.

ಮೇಷ್ಟ್ರು ಕೈಯನ್ನು ಕೆನ್ನೆಗೆ ಒತ್ತಿಕೊಂಡು ಕೂತರು. ಈ ಸಲ ಹಲ್ಲಿಲ್ಲ, ನಿಜವಾಗಿಯೂ ಯೋಚನೆಯೇ. ಅವಳ ಪ್ರಬಂಧದ ಮೊದಲ ಹಾಳೆ ಕೇಳಿ ತೆಗೆದುಕೊಂಡು, ಹಳೆಯ ವಿಷಯದ ಮೇಲೆ ಒಂದು ಗೆರೆ ಎಳೆದು ಪೆನ್ನನ್ನು ಅವಳ ಕೈಗೆ ಕೊಟ್ಟರು. "ಬರಿ. ರೋಗಿ ತನ್ನ ನೋವನ್ನ ಯಾರಿಗೆ ಎಷ್ಟು ಅಂತ ಹೇಳ್ತಾನೆ, ಯಾಕೆ? ಪ್ರಶ್ನೆ ಇದೇ. ಎಲ್ಲ ಮೊದಲಿಂದ ಶುರು. ಗುಂಡಿಗಳು ಒಂದೇ ಅಳತೆಯವಿರಲಿ. ಅಂಕಿ ಕೇಳೋಕೆ ನಿನ್ನನ್ನ ಕಂಡ್ರೆ ಆಗದೇ ಇರೋರನ್ನ ಯಾರನ್ನಾದ್ರೂ ಕೂರಿಸು."

"ಅಂಥೋರು ಈ ಬೀದೀಲಿ ಸಿಗೋದು ಕಷ್ಟ," ಎಂದರು ಕಂಡಕ್ಟರು.

"ಪಕ್ಕದ ಬೀದೀಲಿ ಹುಡುಕಿ," ಎಂದು ಮೇಷ್ಟ್ರು ಅವಳು ಬರೆದ ಸಾಲಿನ ಕೆಳಗೆ ರುಜು ಹಾಕಿದರು. ಮರಗಟ್ಟಿದ್ದು ಕೆನ್ನೆಯಾದರೂ ರುಜುವೂ ಸ್ವಲ್ಪ ಸೊಟ್ಟಗೇ ಬಂತು. "ಮತ್ತೆ ಒಂದು ಮಾತು ನೆನಪಿಟ್ಕೋ. ಏನು ಬಂದ್ರೆ ನಿನಗೆ ಇಷ್ಟ ಅಂತ ಈ ಸಲ ಯಾರಿಗೂ ಹೇಳ್ಬೇಡ."

ಯಾಕಮ್ಮ ತಲೆಯಾಡಿಸಿದಳು. ಅವಳ ಹೆಸರು ಪಟ್ಟಿಯಲ್ಲಿ ಉಳಿದಿತ್ತು. ಕೌಂಟರಿನ ಕುರ್ಚಿಯ ಮೇಲೆ ನರ್ಸಮ್ಮ ಆಗಲೇ ತನ್ನ ಚೀಲ ಇಟ್ಟು ಜಾಗ ಹಿಡಿದಿದ್ದಳು.

ಮೇಷ್ಟ್ರನ್ನು ಬಾಗಿಲವರೆಗೆ ಕಳಿಸಿಕೊಟ್ಟು ಅವಳು ತಿರುಗುವಷ್ಟರಲ್ಲಿ ಬೇಕರಿಯವರು, ಕಂಡಕ್ಟರು, ಸಂಗೀತದ ಟೀಚರ್ ಮೂವರೂ ಅವಳನ್ನು ಸುತ್ತುವರಿದಿದ್ದರು.

"ಮೇಷ್ಟ್ರು ಹೋದ್ರಲ್ಲ, ಈಗ ಹೇಳು ಮಗಳೇ," ಎಂದರು ಬೇಕರಿಯವರು ಪಿಸುದನಿಯಲ್ಲಿ. "ಈ ಸಲ ಎಷ್ಟು ಬರಬೇಕು?"

ಯಾಕಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಮ್ಮ ಒಳಗಿನಿಂದ ಬಂದು ಅವಳ ಕೈಯಲ್ಲೊಂದು ಹತ್ತಿಯ ಉಂಡೆ ಇಟ್ಟಳು.